ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ಎಸ್‌ಎಂಪಿಎಸ್ ನೋಡಿ

ಹೋದ ತಿಂಗಳು ಒಂದು ರಾತ್ರಿ ಅಳಿಯನ ಫೋನ್ ಬಂತು. ಅಕ್ಕನ ಮಗ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಮನೆ ಜಮಖಂಡಿ ಹತ್ತಿರದ ಹಳ್ಳಿ. "ಮಾಮಾ, ಪಿಸಿ ಚಾಲೂನ ಆಗವಲ್ದು. ಸುಟ್ಟ ವಾಸನಿ ಬರಾಕತ್ತೈತಿ" ಅಂದ. ದನಿ ನಡುಗುತ್ತಿತ್ತು. ಎರಡು ವರ್ಷ ರಜೆಯಲ್ಲೆಲ್ಲ ದುಡಿದು ಕೂಡಿಟ್ಟ ದುಡ್ಡಿಗೆ ಅಕ್ಕ ಒಂದಿಷ್ಟು ಸೇರಿಸಿದ್ದಳು. 55 ಸಾವಿರದ ಗೇಮಿಂಗ್ ಪಿಸಿ. ಐದು ತಿಂಗಳೂ ಆಗಿರಲಿಲ್ಲ.

ಭಾನುವಾರ ಹೋಗಿ ಕ್ಯಾಬಿನೆಟ್ ಪಕ್ಕದ ಗಾಜು ತೆಗೆದೆ. ಗ್ರಾಫಿಕ್ಸ್ ಕಾರ್ಡಿನ ವಯರ್ ನೋಡಿ ಎದೆ ಧಸಕ್ಕೆಂದಿತು. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ಕೇಬಲ್ ಪಿಸಿಗೆ ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಲ್ಲಿ ಇರಲೇ ಇಲ್ಲ. ಹಿಂದೆ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದರಲ್ಲ, ಆ ಮೊಲೆಕ್ಸ್ ಪಿನ್ನಿಗೆ ಕನ್ವರ್ಟರ್ ಹಚ್ಚಿ ಜೋಡಿಸಿದ್ದರು. ಹಳದಿ ವಯರ್ ಸೇರುವ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಕರಗಿ, ಕಪ್ಪಾಗಿ, ಪಿನ್ನಿಗೇ ಅಂಟಿಕೊಂಡಿತ್ತು.

ಉಳಿದ ಸಾಮಾನು ಒಳ್ಳೆಯದೇ. ರೈಜೆನ್ 5 5600 ಪ್ರೊಸೆಸರ್, ಆರ್‌ಎಕ್ಸ್ 6600 ಕಾರ್ಡ್, 8 ಜಿಬಿಯ ಎರಡು ರ‍್ಯಾಮ್. ಹುಡುಗ ತಿಂಗಳುಗಟ್ಟಲೆ ವಿಡಿಯೋ ನೋಡಿ ಆರಿಸಿದ್ದ. ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ ಜೊತೆ ಫ್ರೀ ಬಂದದ್ದು. "450 ವ್ಯಾಟ್ ಐತಿ, ಸಾಕು" ಅಂದಿದ್ದರಂತೆ ಅಂಗಡಿಯವರು.

ಅದರ ಲೇಬಲ್ ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ 450. ಕೆಳಗೆ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರು 14 ಆಂಪ್ಸ್. 12ಕ್ಕೆ 14 ಗುಣಿಸಿ ನೋಡಿ, 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಈ 12 ವೋಲ್ಟಿನಿಂದಲೇ. ಆರ್‌ಎಕ್ಸ್ 6600ಕ್ಕೆ ಕಂಪನಿಯೇ ಹೇಳುವ ಲೆಕ್ಕ 132 ವ್ಯಾಟ್, 5600ಕ್ಕೆ 65. ಅಲ್ಲಿಗೇ 197 ಆಯಿತು. ಫ್ಯಾನು, ಬೋರ್ಡು ಬೇರೆ. ಆ ಡಬ್ಬಿ ಐದು ತಿಂಗಳು ಬಾಳಿದ್ದೇ ದೊಡ್ಡದು.

ಅದು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿತ್ತು. ಸುಟ್ಟ ಗುರುತು ಇದೆ ಅಂತ ವಾರಂಟಿ ಕೊಡಲಿಲ್ಲ. ಕಾರ್ಡ್ ಉಳಿದದ್ದು ಪುಣ್ಯ. ನನ್ನ ಪಿಸಿಗೆ ಹಾಕಿ ಎರಡು ತಾಸು ಓಡಿಸಿ ನೋಡಿದೆ, ಚೆನ್ನಾಗಿದೆ.

ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಕಡಿಮೆ ಬಜೆಟ್ ಅಂದ ಕೂಡಲೇ ಎಲ್ಲರೂ ಕತ್ತರಿ ಹಾಕುವುದು ಎಸ್‌ಎಂಪಿಎಸ್‌ಗೇ. ಎಫ್‌ಪಿಎಸ್ (ಆಟದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಜಾಸ್ತಿ ಕೊಡಲ್ಲ, ಕಣ್ಣಿಗೆ ಕಾಣಲ್ಲ, ಹಾಗಾಗಿ ಯಾವುದಾದರೂ ನಡೆಯುತ್ತೆ ಅಂತ. ಆದರೆ ಗೋಡೆಯ 230 ವೋಲ್ಟನ್ನು 12 ವೋಲ್ಟ್ ಮಾಡಿ ಪ್ರತಿ ಸಾಮಾನಿಗೂ ಹಂಚುವುದು ಅದೇ ಅಲ್ವಾ?

ಅದೂ ನಮ್ಮ ಕಡೆ. ಅಕ್ಕನ ಊರಿನಲ್ಲಿ ಸುತ್ತ ಕಬ್ಬು. ತ್ರೀ ಫೇಸ್ ಬಂತು ಅಂದರೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರು, ಮನೆಯ ಬಲ್ಬು ಮಂಕಾಗುತ್ತೆ. ಅದಕ್ಕೇ ನಾನು ಹೇಳುವುದು, ಆ್ಯಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕಿಟ್) ಇರುವ, ಲೇಬಲ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದ ಎಸ್‌ಎಂಪಿಎಸ್ ತಗೊಳ್ಳಿ. ವೋಲ್ಟೇಜ್ ಇಳಿದಾಗಲೂ ಅದು ತಡೆದುಕೊಳ್ಳುತ್ತೆ. ಹಿಂದುಗಡೆ 115/230 ಅಂತ ಕೆಂಪು ಸ್ವಿಚ್ ಇದ್ದರೆ ಹಳೇ ಕಾಲದ್ದು, ಬಿಡಿ. 80 ಪ್ಲಸ್ ಬ್ರಾಂಜ್ ಅಂತ ಗುರುತು ಇದ್ದರೆ ಒಳ್ಳೆಯದೇ, ಆದರೆ ಆ ಗುರುತು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನುವುದನ್ನು ಮಾತ್ರ. ಬಾಳಿಕೆಗೆ ವಾರಂಟಿ ನೋಡಿ, ಐದು ವರ್ಷ ಇದ್ದರೆ ನಂಬಬಹುದು.

ದುಡ್ಡು ಎಲ್ಲಿಂದ ತರೋದು ಅಂತ ಅಳಿಯನೂ ಕೇಳಿದ. ಅವನ ಕ್ಯಾಬಿನೆಟ್‌ನಲ್ಲಿ ಬಣ್ಣದ ಲೈಟಿನ ಆರು ಫ್ಯಾನ್ ಇವೆ, ಮುಂದೆ ಪೂರ್ತಿ ಗಾಜು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಗಾಳಿ ಒಳಗೆ ಬರುವುದು ಎಲ್ಲಿಂದ? ಜಾಳಿಗೆ ಇರುವ ಸಾದಾ ಕ್ಯಾಬಿನೆಟ್, ಎರಡು ಫ್ಯಾನ್, ಎರೆಮಣ್ಣಿನ ಧೂಳು ತಡೆಯಲು ಒಂದು ಫಿಲ್ಟರ್. ಅಷ್ಟು ಸಾಕು. 5600 ಜೊತೆ ಬಾಕ್ಸಿನಲ್ಲೇ ಕೂಲರ್ ಬರುತ್ತೆ, ಲಿಕ್ವಿಡ್ ಕೂಲರ್ ಸುಮ್ನೆ ಖರ್ಚು. ಮದರ್‌ಬೋರ್ಡ್ ಬಿ450 ಮಾದರಿಯದಾದರೂ ನಡೆಯುತ್ತೆ.

ಹಳೆಯ ಎಸ್‌ಎಂಪಿಎಸ್ ಬಿಚ್ಚಿ ನೋಡಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ.

ಹೊಸ 550 ವ್ಯಾಟಿನದು, ಹೊಸ ಬೋರ್ಡು ಎರಡನ್ನೂ ಮೊನ್ನೆ ಕೂರಿಸಿದೆವು. ಪಿಸಿ ಚಾಲೂ ಆಯಿತು. ಅಕ್ಕ ಬಂದು ಕ್ಯಾಬಿನೆಟ್ ಮುಟ್ಟಿ, "ಇನ್ನೂ ಜುಮ್ ಅಂತೈತಲ್ಲೋ" ಅಂದಳು. ನೋಡಿದರೆ ಆ ಕೋಣೆಯ ಸ್ವಿಚ್ ಬೋರ್ಡಿಗೆ ಅರ್ಥಿಂಗ್ ವಯರೇ ಬಂದಿಲ್ಲ. ಮೂರನೇ ಪಿನ್ನಿನ ತೂತು ಸುಮ್ನೆ ಇದೆ. ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸೋರುವ ಸ್ವಲ್ಪ ಕರೆಂಟಿಗೆ ನೆಲಕ್ಕೆ ಹೋಗಲು ದಾರಿ ಇಲ್ಲ, ಹಾಗಾಗಿ ತಗಡಿನ ಮೇಲೆ ನಿಲ್ಲುತ್ತೆ. ಪ್ಲಗ್ ಕಿತ್ತು ಇಟ್ಟು ಬಂದಿದ್ದೇನೆ. ಈ ಭಾನುವಾರ ಎಲೆಕ್ಟ್ರಿಷಿಯನ್ ಬರುತ್ತಾರೆ. ಅರ್ಥಿಂಗ್‌ಗೆ ಹಿತ್ತಲಲ್ಲಿ ಗುಂಡಿ ತೋಡಿಸಲು ಹೇಳಿದ್ದೇನೆ, ಇದ್ದಿಲು ಮತ್ತು ಉಪ್ಪು ನಾನೇ ಒಯ್ಯುತ್ತಿದ್ದೇನೆ.