ಊರು ಆಡುವ ಫುಟ್‌ಬಾಲು, ನಗದು ಆಡಿಸುವ ಕಬಡ್ಡಿ

ಐರ್ಲೆಂಡಿನ ಕೆರ್ರಿ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕೈಕಾಲು ಎರಡನ್ನೂ ಬಳಸಿ ಆಡುವ ಗೇಲಿಕ್ ಫುಟ್‌ಬಾಲ್ ಗೆದ್ದ ಕ್ಲಬ್ಬುಗಳ ಪಟ್ಟಿ 1889ರಿಂದ ಶುರುವಾಗುತ್ತದೆ. ಮೊದಲ ಹೆಸರು ಕಿಲೋರ್ಗ್ಲಿನ್ ಎಂಬ ಸಣ್ಣ ಊರಿನ ಲಾನ್ ರೇಂಜರ್ಸ್. ಡಬ್ಲಿನ್ ಪಟ್ಟಿ 1887ರ ಎರಿನ್ಸ್ ಹೋಪ್‌ನಿಂದ, ಕಾರ್ಕ್ ಪಟ್ಟಿ ಅದೇ ವರ್ಷದ ಲೀಸ್ ತಂಡದಿಂದ. ಇಲ್ಲಿಗೆ ಕೆಲಸಕ್ಕೆ ಬಂದ ನನ್ನಂಥ ಮಂಡ್ಯದವನಿಗೆ ಈ ಆಟದ ನಿಯಮ ಅರ್ಥವಾಗಲು ಸಮಯ ಹಿಡಿಯಿತು, ಆದರೆ ಈ ಪಟ್ಟಿಗಳನ್ನು ಕಂಡು ಹುಟ್ಟಿದ ಹೊಟ್ಟೆಕಿಚ್ಚಿಗೆ ಸಮಯವೇ ಬೇಕಾಗಲಿಲ್ಲ. ನಮ್ಮ ಹೋಬಳಿಯಲ್ಲಿ ಹತ್ತು ವರ್ಷದ ಹಿಂದೆ ಕಬಡ್ಡಿ ಗೆದ್ದವರು ಯಾರು ಎಂದು ಕೇಳಿದರೆ, ಆವತ್ತು ಆಡಿದವನೇ ಎರಡು ಸಲ ತಲೆ ಕೆರೆದುಕೊಳ್ಳುತ್ತಾನೆ.

ಐರಿಷ್ ಜನಕ್ಕೆ ಆಟದ ಹುಚ್ಚು ನಮಗಿಂತ ಹೆಚ್ಚು ಅಂತ ಇದಕ್ಕೆ ಕಾರಣ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊನಲು ಬೆಳಕಿನ ಪಂದ್ಯಾವಳಿಗೆ ರಾತ್ರಿ ಎರಡು ಗಂಟೆಗೂ ಕದಲದೆ ಕೂರುವ ನಮ್ಮ ಜನಕ್ಕೆ ಯಾವ ಹುಚ್ಚು ಕಮ್ಮಿ? ವ್ಯತ್ಯಾಸ ಇರುವುದು ಪಂದ್ಯಾವಳಿ ಕಟ್ಟಿದ ರೀತಿಯಲ್ಲಿ. ಅವರು ಮೊದಲಿನಿಂದಲೂ ತಂಡವನ್ನು ನೆಲಕ್ಕೆ ಕಟ್ಟಿದರು. ನಾವು ಬಹುಮಾನದ ಮೊತ್ತಕ್ಕೆ ಕಟ್ಟಿದೆವು.

1884ಕ್ಕೆ ಮುಂಚೆ ಐರ್ಲೆಂಡಿನಲ್ಲಿ ಹಳ್ಳಿ ಫುಟ್‌ಬಾಲಿಗೆ ಅಂಥ ಶಿಸ್ತೇನೂ ಇರಲಿಲ್ಲ. ಕೆರ್ರಿ ಕಡೆ ‘ಕಾಯ್ಡ್’ ಎಂಬ ಆಟವಿತ್ತು. ಪ್ರಾಣಿಯ ಮೂತ್ರಕೋಶಕ್ಕೆ ಗಾಳಿ ತುಂಬಿ, ಮೇಲೆ ಚರ್ಮ ಹೊಲಿದು, ಒಂದು ಊರಿನವರು ಇನ್ನೊಂದು ಊರಿನ ಕಡೆಗೆ ಹೊಲಗದ್ದೆ ದಾಟಿಸಿ ಒಯ್ಯುವುದು. ಇತ್ತ ಪಟ್ಟಣಗಳ ಅಥ್ಲೆಟಿಕ್ ಕ್ಲಬ್ಬುಗಳು ದೊಡ್ಡವರ ಸ್ವತ್ತು. ಕೂಲಿಯವರಿಗೂ ಕುಶಲಕರ್ಮಿಗಳಿಗೂ ಹೆಚ್ಚಿನ ಕಡೆ ಪ್ರವೇಶವಿರಲಿಲ್ಲ. ಆ ವರ್ಷ ನವೆಂಬರ್ 1ರಂದು ಟಿಪರರಿ ಕೌಂಟಿಯ ಥರ್ಲೆಸ್ ಊರಿನ ಹೇಸ್ ಹೋಟೆಲಿನಲ್ಲಿ ಬೆರಳೆಣಿಕೆಯ ಜನ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟುಹಾಕಿದರು. ಮುಂದೆ ನಿಂತವರು ಮೈಕಲ್ ಕ್ಯೂಸ್ಯಾಕ್, ಡಬ್ಲಿನ್ನಿನಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಚಿಂಗ್ ಸೆಂಟರ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಗಮನಿಸಲಿ! ಅಧ್ಯಕ್ಷರಾದ ಮಾರಿಸ್ ಡ್ಯಾವಿನ್ ಹೆಸರಾಂತ ಹ್ಯಾಮರ್ ಎಸೆತಗಾರ. ಮರುವರ್ಷ ನಿಯಮ ಬರೆದವರು ಅವರೇ.

ಆ ನಿಯಮಗಳ ಆಟವನ್ನು ಇವತ್ತು ನೋಡಿದರೆ ಗುರುತು ಸಿಗುವುದು ಕಷ್ಟ. ಒಂದೊಂದು ತಂಡಕ್ಕೆ 21 ಜನರವರೆಗೂ ಇರಬಹುದಿತ್ತು. 1885ರ ಫೆಬ್ರವರಿಯಲ್ಲಿ ಕಿಲ್ಕೆನಿ ಕೌಂಟಿಯ ಕ್ಯಾಲನ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಒಂದೂ ಗೋಲು ಬೀಳಲಿಲ್ಲ. ಆಮೇಲೆ ಗೋಲಿಗಿಂತ ಸಣ್ಣ ಅಂಕವಾದ ‘ಪಾಯಿಂಟ್’ ತಂದರು, ಆದರೆ ಗೋಲಿನ ಮುಂದೆ ಅದಕ್ಕೆ ಬೆಲೆಯಿಲ್ಲ: ಒಂದೇ ಒಂದು ಗೋಲು ಹೊಡೆದವರು, ಎದುರಾಳಿ ಎಷ್ಟೇ ಪಾಯಿಂಟ್ ಗಳಿಸಿದ್ದರೂ ಗೆದ್ದಂತೆ. 1892ರಲ್ಲಿ ಒಂದು ಗೋಲಿಗೆ ಐದು ಪಾಯಿಂಟ್ ಎಂದರು, 1896ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ಮೂರೇ ಈಗಲೂ ಉಳಿದಿದೆ.

ನನಗೆ ಮುಖ್ಯವಾಗಿ ಕಾಣುವುದು ಪಂದ್ಯಾವಳಿಯ ಏಣಿ. ಕ್ಲಬ್ ಅಂದರೆ ಸಾಮಾನ್ಯವಾಗಿ ಒಂದು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಬರುವ ಹಳ್ಳಿಗಳ ಗುಂಪು. ಕ್ಲಬ್ಬುಗಳು ತಮ್ಮತಮ್ಮಲ್ಲಿ ಆಡಿ ಕೌಂಟಿಗೆ ಒಂದು ವಿಜೇತ ತಂಡವನ್ನು ಆರಿಸಬೇಕು, ಆಗೆಲ್ಲ ಆ ತಂಡವೇ ಕೌಂಟಿಯ ಪರವಾಗಿ ಇಡೀ ದೇಶದ ಪಂದ್ಯಕ್ಕೆ ಹೋಗಬೇಕಿತ್ತು. ಹಾಗಾಗಿ 1887ರ ಮೊದಲ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ಪಿನಲ್ಲಿ ಲಿಮರಿಕ್ ಅಂದರೆ ‘ಕಮರ್ಷಿಯಲ್ಸ್’ ಎಂಬ ಒಂದು ಕ್ಲಬ್, ಬಹುಮಟ್ಟಿಗೆ ಅಂಗಡಿಗಳಲ್ಲಿ ಕೆಲಸಕ್ಕಿದ್ದ ಹುಡುಗರದ್ದು. ಲೌತ್ ಅಂದರೆ ಡಂಡಾಕ್ ಊರಿನ ‘ಯಂಗ್ ಐರ್ಲೆಂಡ್ಸ್’. ಫೈನಲ್ ನಡೆದದ್ದು ಮಾತ್ರ ಮರುವರ್ಷದ ಏಪ್ರಿಲ್ 29ಕ್ಕೆ, ಡಬ್ಲಿನ್ನಿನ ಬೀಚ್ ಹಿಲ್ ಮೈದಾನದಲ್ಲಿ. ಲಿಮರಿಕ್ 1-4 (ಒಂದು ಗೋಲು, ನಾಲ್ಕು ಪಾಯಿಂಟ್), ಲೌತ್ 0-3. ಅಂಗಡಿ ಹುಡುಗರು ಗೆದ್ದರು. ಪಂದ್ಯಗಳು ಮುಂದಕ್ಕೆ ಹೋಗುವುದು ನಮ್ಮ ಕಡೆಯ ರೋಗ ಅಂದುಕೊಂಡಿದ್ದವರಿಗೆ ಸಮಾಧಾನವಾಗಲಿ. ಮರುವರ್ಷ, 1888ರಲ್ಲಿ, ಆಟಗಾರರು ಅಮೆರಿಕ ಪ್ರವಾಸಕ್ಕೆ ಹೊರಟದ್ದರಿಂದ ಚಾಂಪಿಯನ್‌ಷಿಪ್ ಮುಗಿಯಲೇ ಇಲ್ಲ.

ಜಗಳಕ್ಕೂ ಬರವಿರಲಿಲ್ಲ. ಸೋತವರು ತಕರಾರು ಅರ್ಜಿ ಹಾಕುವುದು ಆಟದ ಮೂರನೇ ಅವಧಿಯೋ ಎನ್ನುವಷ್ಟು ಮಾಮೂಲಾಗಿತ್ತು. ಅವನು ನಮ್ಮ ಕೌಂಟಿಯವನಲ್ಲ, ಇವನು ಬೇರೆ ಕ್ಲಬ್ಬಿಗೂ ಆಡಿದ್ದಾನೆ, ರೆಫರಿ ಅವರ ಕಡೆಯವನು. ಅರ್ಜಿ ಕೌಂಟಿ ಕಮಿಟಿಗೆ ಹೋಗಬೇಕು, ಕಮಿಟಿ ಕೂರಬೇಕು, ತೀರ್ಮಾನ ಬರೆದಿಡಬೇಕು. ನನ್ನ ಅನಿಸಿಕೆ ಏನೆಂದರೆ, ಆ ಪಟ್ಟಿಗಳು ಉಳಿದಿರುವುದಕ್ಕೆ ಈ ಜಗಳಗಂಟತನವೂ ಒಂದು ಕಾರಣ. ‘ಯಾರು ಯಾವ ಊರಿನವನು’ ಎಂಬುದೇ ಜಗಳದ ಮೂಲವಾದಾಗ ರಿಜಿಸ್ಟರು ಇಡದೆ ವಿಧಿಯಿಲ್ಲ. ನಮ್ಮಲ್ಲಿ ಜಗಳ ಬಿದ್ದರೆ ಅಂಕಣದಲ್ಲೇ ಕೈ ಕೈ ಮಿಲಾಯಿಸಿ, ಊರ ಹಿರಿಯರು ಬಿಡಿಸಿ, ಬೆಳಗಾಗುವುದರೊಳಗೆ ಮುಗಿಯುತ್ತದೆ. ಹಾಗೆ ಮುಗಿಯುವುದು ಒಳ್ಳೆಯದೇ, ಆದರೆ ಕಾಗದದ ಮೇಲೆ ಏನೂ ಉಳಿಯುವುದಿಲ್ಲ.

1892ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಕೌಂಟಿ ಗೆದ್ದ ಕ್ಲಬ್ ಮುಂದಿನ ಹಂತಕ್ಕೆ ಹೋಗುವಾಗ ಅದೇ ಕೌಂಟಿಯ ಬೇರೆ ಕ್ಲಬ್ಬುಗಳ ಆಟಗಾರರನ್ನೂ ಸೇರಿಸಿಕೊಳ್ಳಬಹುದು. ತಂಡವೂ 21ರಿಂದ 17ಕ್ಕೆ ಇಳಿಯಿತು. (15 ಆದದ್ದು 1913ರಲ್ಲಿ.) ಬೇರೆ ಊರಿನ ಆಟಗಾರ ಬರಬಹುದು, ಆದರೆ ಮೇಲಿನ ಮೆಟ್ಟಿಲಿನಲ್ಲಿ ಮಾತ್ರ. ಕೆಳಗೆ, ಊರು ಊರಿನ ನಡುವೆ, ಅವರವರ ಹುಡುಗರೇ. ಈ ಗೆರೆಯನ್ನು ಅವರು ಎಳೆದ ಜಾಗ ನನಗೆ ಬಹಳ ಹಿಡಿಸಿತು.

ಇದನ್ನೆಲ್ಲ ಹೊಗಳುವಾಗ ಒಂದು ಮಾತು ನುಂಗಿಕೊಳ್ಳಬಾರದು. ಈ ಊರಿನ ಅಭಿಮಾನದ ಒಳಗೆ ರಾಜಕೀಯ ಕೂತಿತ್ತು. ಬ್ರಿಟಿಷರ ವಿರುದ್ಧ ಗುಪ್ತವಾಗಿ ಸಂಘಟಿಸುತ್ತಿದ್ದವರು 1887ರ ಹೊತ್ತಿಗೇ ಸಂಸ್ಥೆಯೊಳಗೆ ಹಿಡಿತ ಸಾಧಿಸಿದ್ದರು; ಪೊಲೀಸರಿಗೆ ಸದಸ್ಯತ್ವವಿಲ್ಲ ಎಂದರು. ಐರಿಷ್ ನಾಯಕ ಪಾರ್ನೆಲ್ ಸುತ್ತ ಎದ್ದ ಬಿರುಕಿನಲ್ಲಿ, 1890ರ ನಂತರ ಎಷ್ಟೋ ಕ್ಲಬ್ಬುಗಳು ಕಣ್ಮುಚ್ಚಿದವು. ಮುಂದೆ ‘ವಿದೇಶಿ’ ಆಟ ಆಡಿದವರನ್ನು ಹೊರಗಿಡುವ ನಿಷೇಧ ಬಂದು 1971ರವರೆಗೂ ಉಳಿಯಿತು. ಊರ ಹೆಂಗಸರಿಗೆ ತಮ್ಮದೇ ಫುಟ್‌ಬಾಲ್ ಸಂಸ್ಥೆ ಸಿಕ್ಕಿದ್ದು 1974ರಲ್ಲಿ, ಅದೂ ಅದೇ ಹೇಸ್ ಹೋಟೆಲಿನಲ್ಲಿ! ಊರು ಊರು ಅನ್ನುವಾಗ ಅರ್ಧ ಊರು ತೊಂಬತ್ತು ವರ್ಷ ಬೇಲಿಯಾಚೆ ನಿಂತಿತ್ತು.

ಈಗ ನಮ್ಮ ಕಡೆಗೆ ಬರೋಣ. ‘ದಿವಂಗತ ಇಂಥವರ ಸ್ಮರಣಾರ್ಥ’ ಅಥವಾ ‘ಜನಪ್ರಿಯ ನಾಯಕರ ಹುಟ್ಟುಹಬ್ಬದ ಪ್ರಯುಕ್ತ’ ಹೊನಲು ಬೆಳಕಿನ ಕಬಡ್ಡಿ. ಪ್ರಥಮ ಬಹುಮಾನ ಇಷ್ಟು ನಗದು ಮತ್ತು ಪಾರಿತೋಷಕ. ಬ್ಯಾನರಿನಲ್ಲಿ ಆಟಗಾರರ ಫೋಟೊ ಬಿಟ್ಟು ಉಳಿದವರೆಲ್ಲರದ್ದೂ ಇರುತ್ತದೆ. ನಗದು ದೊಡ್ಡದಾದಷ್ಟೂ ಹೊರಗಿನಿಂದ ರೈಡರ್‌ಗಳು ಬರುತ್ತಾರೆ. ನಮ್ಮೂರ ಹೆಸರಿನ ತಂಡದಲ್ಲಿ ನಮ್ಮೂರವನು ಬೆಂಚಿನ ಮೇಲೆ. ಬಂದವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗದು ಹೊಟ್ಟೆಪಾಡು. ಮುಂದಿನ ವರ್ಷ ನಾಯಕರು ಪಕ್ಷ ಬದಲಿಸಿದರೋ ಚುನಾವಣೆ ಮುಗಿಯಿತೋ, ಪಂದ್ಯಾವಳಿಯೂ ಮುಗಿಯಿತು.

‘ಹೊರಗಿನ ಒಳ್ಳೆ ಆಟಗಾರರು ಬರದಿದ್ದರೆ ಜನ ಸೇರಲ್ಲ ಕಣಣ್ಣ’ ಎಂಬ ವಾದ ಊರಿಗೆ ಬಂದಾಗಲೆಲ್ಲ ಕೇಳಿದ್ದೇನೆ. ಅದಕ್ಕೆ ಉತ್ತರ ಐರ್ಲೆಂಡಿನಿಂದ ತರಬೇಕಾಗಿಲ್ಲ, ಕೊಡಗಿನಲ್ಲೇ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ ಒಕ್ಕವೇ, ಅಂದರೆ ಮನೆತನವೇ, ತಂಡ. ದುಡ್ಡು ಕೊಟ್ಟು ಬೇರೆ ಮನೆತನದವನನ್ನು ತರುವ ಮಾತೇ ಇಲ್ಲ. 60 ತಂಡಗಳಿಂದ ಹೊರಟದ್ದು ಮುನ್ನೂರು ದಾಟಿತು. ವರ್ಷಕ್ಕೊಂದು ಮನೆತನ ಹೊಣೆ ಹೊರುವುದರಿಂದ ಯಾವ ನಾಯಕರ ಹುಟ್ಟುಹಬ್ಬಕ್ಕೂ ಕಾಯಬೇಕಿಲ್ಲ. ಆದರೆ ಒಕ್ಕದ ಮಾದರಿ ಮಂಡ್ಯಕ್ಕೆ ಹಾಗೇ ಹೊಂದುವುದಿಲ್ಲ. ನಮ್ಮಲ್ಲಿ ಮನೆತನ ಅಂದರೆ ಅದರ ಹಿಂದೆಯೇ ಜಾತಿ ಬಂದು ನಿಲ್ಲುತ್ತದೆ. ನಮಗೆ ಐರಿಷರ ನೆಲದ ಲೆಕ್ಕವೇ ವಾಸಿ: ಈ ಗ್ರಾಮ ಪಂಚಾಯಿತಿಯಲ್ಲಿ ವಾಸವಿದ್ದವನು ಈ ತಂಡಕ್ಕೆ, ಯಾರ ಮಗನಾದರೂ ಸರಿ. ಪಂಚಾಯಿತಿಯಿಂದ ಹೋಬಳಿ, ಹೋಬಳಿಯಿಂದ ತಾಲ್ಲೂಕು. ಬೇರೆ ಕಡೆಯಿಂದ ಆಟಗಾರರನ್ನು ಸೇರಿಸಿಕೊಳ್ಳುವುದಿದ್ದರೆ ತಾಲ್ಲೂಕು ತಂಡಕ್ಕೆ ಮಾತ್ರ.

ರಿಜಿಸ್ಟರು ಇಡುವವರು ಯಾರು ಅಂತ ಕೇಳಬಹುದು. ಡಬ್ಲಿನ್ನಿನ ಮೊದಲ ಚಾಂಪಿಯನ್ನರಾದ ಎರಿನ್ಸ್ ಹೋಪ್ ಹುಡುಗರು ಶಿಕ್ಷಕರ ತರಬೇತಿ ಕಾಲೇಜಿನ ವಿದ್ಯಾರ್ಥಿಗಳು. ನಮ್ಮ ಹೈಸ್ಕೂಲುಗಳಲ್ಲೂ ದೈಹಿಕ ಶಿಕ್ಷಣದ ಮೇಷ್ಟ್ರುಗಳಿದ್ದಾರೆ, ಪ್ರತಿ ವರ್ಷ ಹೋಬಳಿ ಮಟ್ಟದ ಕ್ರೀಡಾಕೂಟವನ್ನು ಅವರೇ ನಡೆಸಿಕೊಡುತ್ತಾರೆ. ಊರಿನ ಪಂದ್ಯಾವಳಿಗೆ ಮಾತ್ರ ಅವರನ್ನು ಸೀಟಿ ಊದುವುದಕ್ಕೆ ಕರೆದು, ಶಾಲು ಹೊದಿಸಿ ಕಳಿಸುತ್ತೇವೆ. ಸೀಟಿಯ ಜೊತೆಗೆ ಪುಸ್ತಕವನ್ನೂ ಅವರ ಕೈಗೆ ಕೊಟ್ಟು, ನಗದು ಬಹುಮಾನವನ್ನು ಅರ್ಧಕ್ಕೆ ಇಳಿಸಿದರೆ ಮುಂದಿನ ಬೇಸಿಗೆಗೇ ಒಂದು ಹೋಬಳಿಯಲ್ಲಿ ಇದನ್ನು ಶುರು ಮಾಡಬಹುದು.