ಆ ಬೂದು ಕಳ್ಳಿಯ ಬೇರು ಕತ್ತರಿಸಿದ್ದು ಯಾರು?

ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಚಪ್ಪಲಿ ಬಿಟ್ಟವಳೇ ಬರೆಯಲು ಕೂತಿದ್ದೇನೆ.

ಪುಣೆಯ ಒಂದು ಗಿಡಗಳ ಪ್ರದರ್ಶನದಲ್ಲಿ ಇವತ್ತು ಕೋಪಿಯಾಪೋವಾ ಎಂಬ ಕಳ್ಳಿ ಕಂಡೆ. ಬೂದಿ ಬಳಿದಂಥ ಮೈ, ಕಪ್ಪು ಮುಳ್ಳು, ಒಂದು ಪಕ್ಕವೆಲ್ಲ ಒರಟಾಗಿ ಹಕ್ಕಳೆಗಟ್ಟಿದೆ. ಬೆರಳಿನಿಂದ ಮೆಲ್ಲಗೆ ಅಲುಗಿಸಿದೆ, ಕುಂಡದಲ್ಲಿ ಇನ್ನೂ ಬೇರು ಬಿಟ್ಟಿಲ್ಲ. "ಹ್ಯಾಬಿಟಾಟ್ ಪ್ಲಾಂಟ್, ಮ್ಯಾಡಮ್" ಅಂದ ಮಾರುವವ, ಹೆಮ್ಮೆಯಿಂದ. ಅಂದರೆ ಹುಟ್ಟಿದ ನೆಲದಿಂದ ಕಿತ್ತು ತಂದದ್ದು ಅಂತ!

ನನ್ನ ಬಾಲ್ಕನಿ ನೋಡಿದವರಿಗೆ ಗೊತ್ತು, ನಾನು ಕಳ್ಳಿಗಳನ್ನು ಬೀಜದಿಂದಲೇ ಎಬ್ಬಿಸುವವಳು. ಏಳು ವರ್ಷದ ಕೋಪಿಯಾಪೋವಾ ಸಸಿ ಈಗ ನಿಂಬೆಹಣ್ಣಿನಷ್ಟಿದೆ. ಹಾಗಾದರೆ ಇವತ್ತು ಕಂಡ ಆ ತೆಂಗಿನಕಾಯಿ ಗಾತ್ರದ್ದಕ್ಕೆ ಎಷ್ಟು ವಯಸ್ಸು? ಈ ಕುಲ ಇಡೀ ಭೂಮಿಯಲ್ಲಿ ತಾನಾಗಿ ಬೆಳೆಯುವುದು ಉತ್ತರ ಚಿಲಿಯಲ್ಲಿ ಮಾತ್ರ. ಅಲ್ಲಿನ ಅಟಕಾಮಾದ ಕರಾವಳಿ ಮರುಭೂಮಿಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ, ಸಮುದ್ರದಿಂದ ಬರುವ ಮಂಜೇ ಆಸರೆ. ಆ ಮಂಜಿಗೆ ಅಲ್ಲಿಯವರು 'ಕಮಾಂಚಾಕಾ' ಅನ್ನುತ್ತಾರೆ. ಮಂಜಿನ ಹನಿ ಕುಡಿದು ದಶಕಗಟ್ಟಲೆ ಬದುಕಿದ ಜೀವವನ್ನು ಬೇರು ಕತ್ತರಿಸಿ ತಂದು ನಮ್ಮೂರ ಜೂನ್ ತಿಂಗಳ ಮಳೆಗೆ ಒಡ್ಡುತ್ತಾರೆ. ಕೊಳೆಯದೆ ಇನ್ನೇನಾಗುತ್ತದೆ?

2020ರಲ್ಲಿ ಇಟಲಿಯ ಸೆನಿಗಾಲಿಯಾ ಎಂಬ ಊರಿನಲ್ಲಿ ಒಬ್ಬನ ಮನೆಯಿಂದ ಪೊಲೀಸರು ಸಾವಿರಕ್ಕೂ ಹೆಚ್ಚು ಚಿಲಿಯ ಕಳ್ಳಿಗಳನ್ನು ವಶಪಡಿಸಿಕೊಂಡರು, ಹೆಚ್ಚಿನವು ಇದೇ ಕೋಪಿಯಾಪೋವಾ. ಮರುವರ್ಷ 844 ಗಿಡಗಳು ಚಿಲಿಗೆ ಮರಳಿದವು. ಸುಮಾರು ನೂರು ಅಷ್ಟರಲ್ಲೇ ಸತ್ತಿದ್ದವು. ಒಬ್ಬ ಮನುಷ್ಯನ ಮನೆಯ ಲೆಕ್ಕ ಇದು.

ಒಬ್ಬ ಗೆಳೆಯರು ಇವತ್ತು ಪ್ರದರ್ಶನದಲ್ಲೇ ವಾದಕ್ಕಿಳಿದರು: "ಗಣಿ, ರಸ್ತೆ, ಹವಾಮಾನ ಬದಲಾವಣೆ, ಅಲ್ಲಿದ್ದರೂ ಅವು ಸಾಯುತ್ತವೆ. ಇಲ್ಲಿ ನಾವು ಉಳಿಸುತ್ತಿದ್ದೇವೆ." ಗಣಿ, ರಸ್ತೆ ಸುಳ್ಳಲ್ಲ. ಆದರೆ ಉಳಿಸುವುದು ಅಂದರೇನು? ಅಲ್ಲಿ ನಿಂತಿದ್ದರೆ ಅದು ಬೀಜ ಉದುರಿಸುತ್ತಿತ್ತು. ಇಲ್ಲಿ ಶೋಕೇಸಿನಲ್ಲಿ ಒಂಟಿಯಾಗಿ ಕೂತು ಯಾವ ಸಂತಾನ ಬಿಡುತ್ತದೆ? 2015ರಲ್ಲಿ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 1,478 ಬಗೆಯ ಕಳ್ಳಿಗಳನ್ನು ಪರಿಶೀಲಿಸಿದಾಗ ಶೇ. 31ರಷ್ಟು ಅಳಿವಿನ ಅಂಚಿನಲ್ಲಿದ್ದವು. ಹಾಗೆ ಅಪಾಯದಲ್ಲಿರುವವುಗಳಲ್ಲಿ ತೋಟಗಾರಿಕೆಗೆ ಬಳಕೆಯಾಗುವವನ್ನು ನೋಡಿದರೆ, ಶೇ. 86ರಷ್ಟು ಬಗೆಗಳನ್ನು ನಿಸರ್ಗದಿಂದಲೇ ಕೀಳುತ್ತಾರೆ. ಕೀಳುವುದು ಯಾರಿಗಾಗಿ? ನಮ್ಮಂಥವರಿಗಾಗಿಯೇ.

ಇದನ್ನೂ ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಹಳೇ ಗಿಡ ಕೊಂಡಿದ್ದೆ. ಎಲ್ಲಿಂದ ಬಂತು ಅಂತ ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ. ಎರಡನೇ ಮಳೆಗಾಲಕ್ಕೆ ಬುಡ ಮೆತ್ತಗಾಗಿ ಒಂದು ಬೆಳಿಗ್ಗೆ ವಾಲಿಬಿತ್ತು. ಇವತ್ತು ಆ ಬೂದು ಮೈ ನೋಡಿದಾಗ ಅದೇ ನೆನಪಾಯಿತು.

ಕೋಪಿಯಾಪೋವಾ ಬೇಕು ಅನ್ನುವವರು ಪುಣೆಯ ಕೋಥ್ರೂಡ್ ಕಡೆ, ನನ್ನ ಮನೆಗೆ ಬನ್ನಿ. ಬೀಜದಿಂದ ಎಬ್ಬಿಸಿದ ಎಂಟು ಸಸಿಗಳಿವೆ, ದುಡ್ಡು ಬೇಡ. ಕಡಲೆಕಾಳಿನಷ್ಟಿವೆ, ಕಾಯಬೇಕಾಗುತ್ತದೆ.