360 ಅನ್ನು ಎಲ್ಲಿಂದ ಒಡೆದರೂ

ಆರನೇ ಕ್ಲಾಸಿನ ನನ್ನ ಮಗಳು ಮೊನ್ನೆ ಗಣಿತದ ಟೆಸ್ಟ್ ಪೇಪರ್ ತಂದು ತೋರಿಸಿದಳು. ಮುಖ ಸಪ್ಪಗಿತ್ತು. 360ರ ಅವಿಭಾಜ್ಯ ಅಪವರ್ತನಗಳನ್ನು ಬರೆಯಿರಿ ಅಂತ ಪ್ರಶ್ನೆ. ಅಂದರೆ, ಇನ್ನು ಒಡೆಯಲಾಗದ 2, 3, 5ರಂಥ ಸಂಖ್ಯೆಗಳ ಗುಣಾಕಾರವಾಗಿ 360 ಅನ್ನು ಬರೆಯಬೇಕು. ಅವಳು ಮೊದಲು 5ರಿಂದ ಭಾಗಿಸಿ 72 ತಂದಿದ್ದಾಳೆ. ಅದನ್ನು 8 ಮತ್ತು 9 ಮಾಡಿ, ಕೊನೆಗೆ 2×2×2×3×3×5 ಅಂತ ಬರೆದಿದ್ದಾಳೆ. ಉತ್ತರ ಸರಿಯಾಗೇ ಇದೆ. ಆದರೂ 3ಕ್ಕೆ 1 ಅಂಕ. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "2ರಿಂದ ಶುರು ಮಾಡಬೇಕು" ಎಂದಿತ್ತು.

2ರಿಂದ ಶುರು ಮಾಡಿದರೆ ಮಕ್ಕಳು ತಪ್ಪೋದು ಕಡಿಮೆ, ಒಪ್ಪುತ್ತೇನೆ. ಆದರೆ ಎಲ್ಲಿಂದ ಬೇಕಾದರೂ ಶುರು ಮಾಡಬಹುದು ಅನ್ನೋದೇ ಈ ಪಾಠದ ಜೀವ ಅಲ್ವಾ? ಅದನ್ನೇ ತಪ್ಪು ಅಂದುಬಿಟ್ಟರೆ ಮಗುವಿಗೆ ಉಳಿಯೋದೇನು? ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ), ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ಲೆಕ್ಕಕ್ಕೆ ಬೇಕಾದ ಒಂದು ಪಟ್ಟಿ, ಅಷ್ಟೇ.

ಅವತ್ತು ಊಟ ಆದಮೇಲೆ ಮನೆಯವರೆಲ್ಲ ಕೂತು 360 ಒಡೆದೆವು. ನಾನು 36×10 ಅಂತ ಶುರು ಮಾಡಿದೆ. ನನ್ನ ಹೆಂಡತಿ 18×20. ಅಮ್ಮ "ವರ್ಷಕ್ಕೆ ಹನ್ನೆರಡು ತಿಂಗಳು, ತಿಂಗಳಿಗೆ ಮೂವತ್ತು ದಿನ" ಅಂತ ಹೇಳಿ 12×30 ಬರೆಸಿದರು. ಮಗಳದ್ದು ಅದೇ 5×72. ಒಡೆಯುತ್ತಾ ಹೋದಂತೆ ನಾಲ್ಕು ಹಾಳೆಯಲ್ಲಿ ನಾಲ್ಕು ಥರ ಕವಲೊಡೆದ ಮರ. ಆದರೆ ಎಲ್ಲದರ ತುದಿಯಲ್ಲೂ ಮೂರು 2, ಎರಡು 3, ಒಂದು 5. ಅವಳು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಎರಡು ಸಲ ಎಣಿಸಿದಳು.

"ಯಾವಾಗ್ಲೂ ಹೀಗೇನಾ ಅಪ್ಪ?"

ಹೌದು. 1ಕ್ಕಿಂತ ದೊಡ್ಡ ಯಾವ ಪೂರ್ಣಸಂಖ್ಯೆ ತಗೊಂಡರೂ ಹೀಗೇ. ಹತ್ತನೇ ಕ್ಲಾಸಿನಲ್ಲಿ ಇದಕ್ಕೆ ಅಂಕಗಣಿತದ ಮೂಲಭೂತ ಪ್ರಮೇಯ ಅಂತಾರೆ. 1801ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಇದನ್ನು ಸ್ಪಷ್ಟವಾಗಿ ಹೇಳಿ ಸಾಧಿಸಿದ. 1 ಯಾಕೆ ಅವಿಭಾಜ್ಯ ಅಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಅದನ್ನು ಸೇರಿಸಿಕೊಂಡರೆ 360ಕ್ಕೆ ಬೇಕಾದಷ್ಟು 1 ಅಂಟಿಸುತ್ತಾ ಹೋಗಬಹುದು, ಆಗ ಉತ್ತರ ಒಂದೇ ಅಂತ ಹೇಳೋಕೆ ಬರಲ್ಲ.

ನಮ್ಮ ನೆಲದಲ್ಲಿ ಸಂಖ್ಯೆಗಳ ಜೊತೆ ಹೀಗೆ ಆಡಿದವರು ಇದ್ದರು. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ ಗುಣಿಸಿದಾಗ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ಥರ ಓದುವ ಉತ್ತರ ಬರುವ ಲೆಕ್ಕಗಳಿವೆ. ಅಂಥ ಒಂದು ಸಂಖ್ಯೆ ಒಡೆದು ನೋಡಿ: 111111. ಒಳಗೆ 3, 7, 11, 13, 37 ಕೂತಿವೆ. ನನಗಂತೂ ಪ್ರತಿ ಸಲ ಖುಷಿಯಾಗುತ್ತದೆ.

ಇನ್ನೊಂದು ಮಾತು. ಗುಣಿಸೋದು ಸುಲಭ, ಒಡೆಯೋದು ಕಷ್ಟ. ಈ ಕಷ್ಟವನ್ನೇ ನಂಬಿಕೊಂಡು ಆರ್‌ಎಸ್‌ಎ ಅನ್ನುವ ಗೂಢಲಿಪಿ ಇಂಟರ್ನೆಟ್‌ನಲ್ಲಿ ನಮ್ಮ ಗುಟ್ಟು ಕಾಯುತ್ತದೆ. ಇದನ್ನು ಒಡೆದು ತೋರಿಸಿ ಅಂತ ಸವಾಲಾಗಿ ಕೊಟ್ಟಿದ್ದ 250 ಅಂಕಿಗಳ ಒಂದು ಸಂಖ್ಯೆಯನ್ನು ಒಡೆದದ್ದು 2020ರಲ್ಲಿ, ಅದೂ ಸಾವಿರಾರು ವರ್ಷಗಳಷ್ಟು ಕಂಪ್ಯೂಟರ್ ದುಡಿಮೆ ಸುರಿದು. ಈ ಕಷ್ಟದ ರುಚಿಯೂ ಮಕ್ಕಳಿಗೆ ಸಿಗಬೇಕು. ಟೀಚರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಒಂದು ಪಿರಿಯಡ್ ಸುಮ್ನೆ ಅವರ ಪಾಡಿಗೆ ಒಡೆಯೋಕೆ ಬಿಡಿ.

ಮಗಳಿಗೆ ನಿನ್ನೆ 8051 ಕೊಟ್ಟಿದ್ದೇನೆ. 2, 3, 5, 7, ಯಾವುದಕ್ಕೂ ಬಗ್ಗುತ್ತಿಲ್ಲ. ಈಗ 41ರ ತನಕ ಬಂದಿದ್ದಾಳೆ. ಉತ್ತರ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ.